ಮೂರು ಹನಿ ಬಿಳಿ

“ಹನ್ನೆರಡು ಹನಿ ಕೆಂಪು ಬಣ್ಣ ಬೇಕಿತ್ತು...”

ಪುಷ್ಪಾ ತಲೆಯೆತ್ತಿದಳು. ಸಕಲೇಶಪುರದ ಬಸ್ ನಿಲ್ದಾಣದ ಹಿಂದಿನ ಆ ಪೇಂಟ್ ಅಂಗಡಿಗೆ ಲೀಟರ್ ಕೇಳುವವರು ಬರುತ್ತಿದ್ದರು, ಡ್ರಮ್ ಕೇಳುವವರು ಬರುತ್ತಿದ್ದರು, ಬಣ್ಣ ಬೇಡ, ಖಾಲಿ ಡಬ್ಬ ಕೊಡಿ ಎನ್ನುವವರೂ ಬರುತ್ತಿದ್ದರು. ಹನಿ ಕೇಳಿದವನು ಇವನೇ ಮೊದಲು!

“ಏನು, ಕಣ್ಣಿಗೆ ಹಾಕ್ಕೋತೀರಾ?”

“ಅಲ್ಲ ಕಣ್ರೀ... ರೈಲಿಗೆ.”

“ರೈಲಿಗಾ?!”

ಅವನು ಜೇಬಿನಿಂದ ಮಡಿಸಿದ ಪೇಪರ್ ತೆಗೆದು, ಒಳಗಿದ್ದ ಬಣ್ಣದ ಚಕ್ಕೆಯನ್ನು ಅವಳ ಮುಂದಿಟ್ಟ. ಮಗುವಿನ ಉಗುರಿನಷ್ಟಿತ್ತು.

“ಹಳೇ ರೈಲು ಡಬ್ಬಿಯಿಂದ ಉದುರಿದ್ದು. ಇದೇ ಬಣ್ಣ ಆಗ್ಬೇಕು.”

ಅದು ಎರಡು ಸಾವಿರದ ಇಸವಿ. ಹಳಿ ಅಗಲ ಮಾಡುತ್ತೇವೆಂದು ಘಾಟಿಯ ರೈಲು ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ಊರು ಅದನ್ನು ಬೈದು, ಬಸ್ಸು ಹತ್ತಿ, ಮರೆತೂ ಬಿಟ್ಟಿತ್ತು. ಮರೆಯದೆ ಉಳಿದವನು ಇವನೊಬ್ಬನೇ, ದೋಣಿಗಲ್ಲಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಗುರು. ಕಾಫಿ ಸ್ಟೋರಿನ ಹಿಂದಿನ ಕೋಣೆಯಲ್ಲಿ ಅವನು ಒಂದು ಗೇಣಿನ ಡಬ್ಬಿಗಳ ರೈಲು, ಅದಕ್ಕೊಂದು ಪುಟ್ಟ ಸ್ಟೇಷನ್ ಕಟ್ಟುತ್ತಿದ್ದ. ಬೆಂಗಳೂರಿನ ಫೋಟೊ ಸ್ಟುಡಿಯೋ ಒಂದು ಮುಚ್ಚುವಾಗ ಕೊಂಡ, ಬಣ್ಣ ಸಿಂಪಡಿಸುವ ಏರ್‌ಬ್ರಷ್ ಅವನಲ್ಲಿತ್ತು. ಗಾಳಿಗೆ ಜೀಪಿನ ಟೈರು ಟ್ಯೂಬು.

“ಬ್ರಷ್ಷಿನ ಬಟ್ಟಲಿಗೆ ಹಿಡಿಯೋದೇ ಹದಿನೈದು ಹನಿ,” ಎಂದ.

“ಮತ್ತೆ ಹನ್ನೆರಡು ಯಾಕೆ ಕೇಳಿದ್ರಿ?”

“ಅದು... ಸ್ವಲ್ಪ ಜಾಗ ಬೇಕು.”

*ವಿಚಿತ್ರ ಮನುಷ್ಯ!* ಎಂದುಕೊಂಡಳು. ಆದರೆ ಚಕ್ಕೆಯನ್ನು ಕೈಗೆ ತೆಗೆದುಕೊಂಡಾಗಿತ್ತು.

ಬಣ್ಣದ ವಿಷಯದಲ್ಲಿ ಪುಷ್ಪಾಳಿಗೆ ಸೋತು ಅಭ್ಯಾಸವಿರಲಿಲ್ಲ. ಹಾನುಬಾಳು, ವನಗೂರಿನ ಜೀಪಿನವರು ನೆಗ್ಗಿದ ಮಡ್‌ಗಾರ್ಡ್ ತಂದರೆ, ಬಿಸಿಲಿಗೆ ಮಾಸಿದ ಹಸಿರನ್ನು ಮಾಸಿದಷ್ಟೇ ಕಲಸಿ ಕೊಡುತ್ತಿದ್ದಳು. “ನನ್ನ ಮಗಳ ಕಣ್ಣಿಗೆ ತಪ್ಪೇ ಗೊತ್ತಿಲ್ಲ,” ಎಂದು ಅಪ್ಪ ಏಕಾಂತಯ್ಯ ಮೊಳೆ ಕೊಳ್ಳಲು ಬಂದವರಿಗೂ ಹೇಳುತ್ತಿದ್ದರು.

ಅಂಥ ಕಣ್ಣು ಅವತ್ತು ಒದ್ದಾಡಿತು! ಒಂದು ಲೀಟರಿಗೆ ಕಪ್ಪು ಒಂದು ಹನಿ ಹೆಚ್ಚಾದರೆ ದೇವರಿಗೂ ತಿಳಿಯುವುದಿಲ್ಲ. ಹನ್ನೆರಡು ಹನಿಗೆ ಒಂದು ಬಿದ್ದರೆ ರೈಲು ಬೆಂಕಿಗೆ ಸಿಕ್ಕಿದಂತಾಗುತ್ತದೆ. ಅದನ್ನು ಸರಿಮಾಡಲು ಕೆಂಪು, ಕೆಂಪನ್ನು ಸರಿಮಾಡಲು ಹಳದಿ... ಹನ್ನೆರಡು ಹನಿ ನಲವತ್ತಾಯಿತು.

“ಉಳಿದ ಇಪ್ಪತ್ತೆಂಟು ಏನ್ ಮಾಡ್ಲಿ?” ಗುರು ಕೇಳಿದ.

“ಪ್ರಸಾದ ಅಂತ ತಗೊಂಡ್ಹೋಗಿ, ಮಾರಾಯ್ರೇ!”

ಮುಂದಿನ ಸಂತೆಯ ದಿನ ಅವನು ಬಂದಾಗ ಅವಳ ಕೈಯಲ್ಲಿ ಇಂಕ್ ಫಿಲ್ಲರ್ ಇತ್ತು, ಪಕ್ಕದಲ್ಲಿ ಒಂದು ಬೆಂಕಿಕಡ್ಡಿ. ಕಡ್ಡಿಯ ತುದಿ ಅದ್ದಿದರೆ ಕಾಲು ಹನಿ, ಬುಡ ಅದ್ದಿದರೆ ಅರ್ಧ! ಕಲಸಿ, ಹಾಲಿನಷ್ಟು ತೆಳು ಮಾಡಿ, ಗಾಜಿನ ಚೂರಿನ ಮೇಲೆ ಒಣಗಿಸಿ, ಚಕ್ಕೆಯ ಪಕ್ಕ ಹಿಡಿದಳು. ಯಾವುದು ಯಾವುದೆಂದು ತಿಳಿಯಲಿಲ್ಲ.

ಗುರು ಉಸಿರು ಬಿಗಿಹಿಡಿದು ನೋಡಿದ. ಗಾಜನ್ನಲ್ಲ, ಅವಳನ್ನು. ಅದನ್ನು ಗಮನಿಸಿದವರು ಏಕಾಂತಯ್ಯ ಒಬ್ಬರೇ.

ಆಮೇಲೆ ಸಂತೆ ತಪ್ಪಿದರೂ ಅವನು ತಪ್ಪಲಿಲ್ಲ. ಎಂಜಿನ್ನಿನ ಕಪ್ಪು, ಕಲ್ಲಿನ ಬೂದು...

“ಇವತ್ತು ಏಳು ಹನಿ ಹಳದಿ. ಸ್ಟೇಷನ್ ಬೋರ್ಡಿಗೆ,” ಎಂದ ಒಂದು ದಿನ. “ಚಕ್ಕೆ ಸಿಗಲಿಲ್ಲ. ಆದ್ರೆ... ನಿಮ್ಮ ವೇಲ್ ಇದೆಯಲ್ಲ, ಸರಿಯಾಗಿ ಅದೇ ಬಣ್ಣ.”

“ಸ್ಟೇಷನ್ ಬೋರ್ಡ್ ಥರ ಕಾಣ್ತೀನಿ ಅಂತೀರಾ?”

ಅವನ ಕಿವಿ ಕೆಂಪಾಯಿತು. ಚಕ್ಕೆಗಿಂತಲೂ ಒಳ್ಳೆಯ ಕೆಂಪು, ಎನಿಸಿತು ಪುಷ್ಪಾಳಿಗೆ.

ಹೀಗಿರುವಾಗ ದೋಣಿಗಲ್ಲಿನ ಎಸ್ಟೇಟಿಗೆ ಛಾವಣಿಯ ಕೆಂಪು ಬಣ್ಣದ ಡಬ್ಬಗಳನ್ನು ಇಳಿಸುವ ದಿನ ಬಂತು. ಜೀಪಿನ ಲಕ್ಕಪ್ಪನ ಪಕ್ಕ ಪುಷ್ಪಾಳೂ ಕುಳಿತಳು. ಡಬ್ಬ ಎಣಿಸಲು ಎಂದು ಅಪ್ಪನಿಗೆ ಹೇಳಿದ್ದಳು. ಡಬ್ಬ ಇದ್ದದ್ದು ನಾಲ್ಕು.

ಸ್ಟೋರಿನ ಹಿಂದಿನ ಕೋಣೆಯಲ್ಲಿ ಗುರು ಇರಲಿಲ್ಲ. ರೈಲು ಇತ್ತು. ಖುಷಿಯಿಂದ ಬಾಗಿ ನೋಡಿದವಳ ಮುಖ ನಿಧಾನವಾಗಿ ಬಿಗಿಯಿತು.

*ಇದು ನನ್ನ ಕೆಂಪಲ್ಲ!*

ಅವಳದಕ್ಕಿಂತ ತಿಳಿ. ಪಕ್ಕದಲ್ಲಿ ತೆರೆದ ನೋಟ್‌ಬುಕ್ಕಿನಲ್ಲಿ ಅಂದವಾದ ಅಕ್ಷರ: ‘ಪುಷ್ಪಾ ಅವರ ಕೆಂಪು ಹನ್ನೆರಡು, ಬಿಳಿ ಮೂರು. ಪುಷ್ಪಾ ಅವರ ಬೂದು ಹನ್ನೆರಡು, ಬಿಳಿ ಮೂರು.’

ಪ್ರತಿಯೊಂದಕ್ಕೂ ಮೂರು ಹನಿ ತಿದ್ದುಪಡಿ! ಆ ‘ಜಾಗ’ ಇದಕ್ಕೆ!

“ಅರೆ, ಯಾವಾಗ ಬಂದ್ರಿ?” ಬಾಗಿಲಲ್ಲಿ ಗುರು.

“ನನ್ನ ಬಣ್ಣ ತಪ್ಪಿತ್ತಾ?”

“ಇಲ್ಲ! ಸರಿಯಾಗೇ ಇತ್ತು. ಸರಿ ಇರೋದೇ... ಇಲ್ಲಿ ಸರಿಹೋಗಲ್ಲ.”

ಇದಕ್ಕಿಂತ ಕೆಟ್ಟದಾಗಿ ಹೇಳಲು ತಾಲೂಕಿನಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ.

“ಇಷ್ಟು ದಿನ ಅಂಗಡಿಲಿ ಬಾಯ್ಬಿಟ್ಟು ಹೊಗಳಿ, ಇಲ್ಲಿ ಬಂದು ಕದ್ದು ತಿದ್ತಿದ್ರಾ? ಮೊದಲೇ ಹೇಳ್ಬಹುದಿತ್ತಲ್ಲ!”

“ಹೇಳಿದ್ರೆ ನೀವೇ ಕಲಸಿ ಕೊಡ್ತಿದ್ರಿ... ನಿಮ್ಮ ಕೈಯಲ್ಲಿ ತಪ್ಪು ಬಣ್ಣ ಮಾಡಿಸೋಕೆ ಮನಸ್ಸು...”

ಅವಳು ಪೂರ್ತಿ ಕೇಳಲಿಲ್ಲ. ಜೀಪು ಹತ್ತಿಬಿಟ್ಟಳು.

ಮುಂದಿನ ಸಂತೆಗೆ ಗುರು ಬಂದ. “ಹನಿ ಲೆಕ್ಕದ ಮಾರಾಟ ನಿಲ್ಲಿಸಿದ್ದೀವಿ,” ಎಂದಳು, ತಲೆಯೆತ್ತದೆ. ಅವನು ಹೊರಟುಹೋದ. ಮತ್ತೆ ಬರಲಿಲ್ಲ.

ಕೋಪ ಒಂದು ವಾರ ಇತ್ತು. ಆಮೇಲೆ ಉಳಿದದ್ದು ಕುತೂಹಲ. ಅದು ಕೋಪಕ್ಕಿಂತ ಹೆಚ್ಚು ಕಾಟ ಕೊಟ್ಟಿತು. ಒಂದು ಹಲಗೆಗೂ ಒಂದು ಬೆಂಕಿಪೊಟ್ಟಣಕ್ಕೂ ಒಂದೇ ಕೆಂಪು ಬಳಿದು ನೋಡಿದಳು. ಹಲಗೆ ಕೆಂಪಗೆ ನಗುತ್ತಿತ್ತು. ಪೊಟ್ಟಣ ಕಪ್ಪಿಟ್ಟಿತ್ತು. *ಯಾಕೆ?!*

“ಆ ಹನಿ ಗಿರಾಕಿ ಎಲ್ಲಮ್ಮಾ, ಕಾಣ್ತಿಲ್ಲ?” ಅಪ್ಪ ಕೇಳಿದರು.

“ನಂಗೇನ್ ಗೊತ್ತು?”

“ನಿಂಗೆ ಗೊತ್ತಿಲ್ದಿದ್ರೆ ಆ ಪೊಟ್ಟಣ ಯಾಕ್ ಹಾಳು ಮಾಡ್ತಿದ್ದೀಯ?”

ಮೂರನೆಯ ವಾರ ಹಾನುಬಾಳಿನಿಂದ ಹಿಂತಿರುಗುವಾಗ ಲಕ್ಕಪ್ಪ ಜೀಪು ಓಡಿಸುತ್ತಾ ಹೇಳಿದ, “ಆ ರೈಟ್ರು ರೈಲೆಲ್ಲಾ ರಟ್ಟಿನ್ ಪೆಟ್ಟಿಗೆಗೆ ತುಂಬ್ತಾವ್ರೆ ಕಣವ್ವ. ನಾಳೆ ಯಾವುದೋ ಇಸ್ಕೂಲಿಗೆ ಕೊಟ್ಬುಡ್ತಾರಂತೆ. ಸಾಕಾಗೋಯ್ತಂತೆ.”

ಪುಷ್ಪಾ ಮುಖ ತಿರುಗಿಸಿ ಹೊರಗೆ ನೋಡಿದಳು. ರಸ್ತೆಯ ಪಕ್ಕದ ಬೇರೊಂದು ಎಸ್ಟೇಟಿನ ಸ್ಟೋರಿನ ಛಾವಣಿ ಕಡುಗೆಂಪಾಗಿತ್ತು. ಕಣಿವೆಯಾಚೆಯ ಗುಡ್ಡದ ಮೇಲೆ ಇನ್ನೊಂದು ಛಾವಣಿ ಹಾಲು ಬೆರೆಸಿದಂತೆ ತಿಳಿಯಾಗಿತ್ತು.

“ಲಕ್ಕಪ್ಪಣ್ಣ, ಆ ಮೇಲಿನ ಛಾವಣಿಗೆ ಯಾರ ಬಣ್ಣ?”

“ನಿಮ್ದೇ ಕಣವ್ವ. ಒಂದೇ ದಿನ ಇಳಿಸ್ಲಿಲ್ವಾ, ಇಲ್ಲಿಗೂ ಅಲ್ಲಿಗೂ?”

“ಮತ್ತೆ ಯಾಕೆ ಅಷ್ಟು ಬೆಳ್ಳಗೆ ಕಾಣುತ್ತೆ?”

ಲಕ್ಕಪ್ಪ ಅವಳನ್ನು ಕನಿಕರದಿಂದ ನೋಡಿದ. “ದೂರ ಐತಲ್ಲವ್ವ!”

ಪುಷ್ಪಾ ಸೀಟಿನಲ್ಲಿ ನೆಟ್ಟಗೆ ಕುಳಿತಳು.

ಗೇಣುದ್ದದ ಡಬ್ಬಿಯ ರೈಲೆಂದರೆ ದೂರದಲ್ಲಿರುವ ರೈಲು! ನಡುವಿನ ಗಾಳಿ ಬಣ್ಣವನ್ನು ತಿಳಿ ಮಾಡುತ್ತದೆ. ಮೇಜಿನ ಮೇಲೆ ಆ ಗಾಳಿ ಇಲ್ಲ. ಅದಕ್ಕೇ ಮೂರು ಹನಿ ಬಿಳಿ! ಅವನು ಅವಳ ಬಣ್ಣವನ್ನು ತಿದ್ದಿರಲಿಲ್ಲ, ಅದಕ್ಕೆ ದೂರ ಸೇರಿಸಿದ್ದ...

“ಜೀಪು ದೋಣಿಗಲ್ಲಿಗೆ ತಿರುಗ್ಸು!”

“ಡಬ್ಬ ಎಣಿಸಕ್ಕಾ?” ಎಂದ ಲಕ್ಕಪ್ಪ. ತಿರುಗಿಸಿದ.

ಗುರು ನೆಲದ ಮೇಲೆ ಕುಳಿತು ಪೆಟ್ಟಿಗೆಗೆ ದಾರ ಕಟ್ಟುತ್ತಿದ್ದ. ಮೇಜಿನ ಮೇಲೆ ಸ್ಟೇಷನ್ ಮಾತ್ರ ಉಳಿದಿತ್ತು.

“ಮೂರು ಹನಿ ಯಾಕೇಂತ ಗೊತ್ತಾಯ್ತು,” ಎಂದಳು ಏದುಸಿರಿನಲ್ಲಿ. “ನನ್ನ ಛಾವಣಿಗಳೇ ಹೇಳಿದ್ವು. ನೀವು ಹೇಳಿದ್ದು ಮಾತ್ರ ಯಾರಿಗೂ ಅರ್ಥ ಆಗಲ್ಲ!”

ಅವನು ದಾರ ಬಿಟ್ಟು ಎದ್ದ. ನಗಬೇಕೋ ಬೇಡವೋ ಎಂಬಂತಿತ್ತು ಮುಖ.

ಅವಳು ಸ್ಟೇಷನ್ ಕಡೆ ಬಾಗಿದಳು. ಗೋಡೆ, ಕಲ್ಲು, ಬೋರ್ಡಿನ ಹಳದಿ, ಎಲ್ಲವೂ ತಿಳಿ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮಾತ್ರ ಹೆಬ್ಬೆರಳ ಉಗುರಿನಷ್ಟೆತ್ತರದ ಒಬ್ಬಳು ಹುಡುಗಿ ನಿಂತಿದ್ದಳು. ಅವಳ ವೇಲ್ ಹಳದಿ. ಅಪ್ಪಟ, ಗಾಢ ಹಳದಿ! ಇಡೀ ಮೇಜಿನ ಮೇಲೆ ಅದೊಂದೇ ಪುಷ್ಪಾ ಕಲಸಿದ ಹಾಗೆಯೇ ಇದ್ದ ಬಣ್ಣ.

ಅವಳು ಅಂಗಡಿಯವಳ ದನಿ ಮಾತ್ರ ಬಿಡಲಿಲ್ಲ.

“ಇಲ್ಲಿ ತಪ್ಪಿದೆ ನೋಡಿ. ಇವಳಿಗೂ ಬಿಳಿ ಬೀಳ್ಬೇಕಿತ್ತಲ್ಲ?”

ಗುರು ತಲೆ ತಗ್ಗಿಸಿದ. “ಬಿಳಿ ಹಾಕೋದು ದೂರ ಇರೋರಿಗೆ ಕಣ್ರೀ...”

ಹೊರಗೆ ಲಕ್ಕಪ್ಪ ಹಾರ್ನ್ ಒತ್ತಿದ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

“ಪೆಟ್ಟಿಗೆ ಬಿಚ್ಚಿ,” ಎಂದಳು ಪುಷ್ಪಾ, ಕಣ್ಣೊರೆಸಿಕೊಳ್ಳುತ್ತಾ. “ಇವಳು ಎಷ್ಟು ದಿನ ಅಂತ ಒಬ್ಬಳೇ ನಿಂತಿರ್ತಾಳೆ? ಪಕ್ಕದಲ್ಲಿ ಇನ್ನೊಬ್ರು ಬೇಕು. ಅಂಗಿ ಯಾವ ಬಣ್ಣ?”

“ನೀವು ಹೇಳಿದ್ದು.”

“ಎಷ್ಟು ಹನಿ ಕಲಸ್ಲಿ?”

ಗುರು ಬ್ರಷ್ಷಿನ ಬಟ್ಟಲನ್ನು ಅವಳ ಅಂಗೈಯಲ್ಲಿಟ್ಟು, ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತ.

“ಹದಿನೈದೂ.”