ಮಡಿಸೀರೆಯ ಮೇಲಿನ ಅಂಗೈ

ಬಿ.ಎ. ಪಾಸಾದರೂ ತಿರುಮಲಮ್ಮತ್ತೆಯ ಎದುರು ನನಗೆ ಮಾತೇ ಹೊರಡದು, ಇದೇನು ರೋಗವೋ. ಮಳವಳ್ಳಿಯ ಅವರ ಹಳೇ ಮನೆಯಲ್ಲಿ, ಕೋಲಿಲ್ಲದೆ ನನ್ನ ಕೈಗೇ ಎಟುಕದ ಗಳುವಿನ ಮೇಲೆ ಒಣಗುವ ಮಡಿಸೀರೆಯಲ್ಲಿ ದಿನಾ ಪುಟ್ಟ ಅಂಗೈಯ ಒದ್ದೆ ಗುರುತು ಮೂಡುತ್ತಿತ್ತು. ಮುಟ್ಟಿದರೆ ಐಸಿನಷ್ಟು ತಣ್ಣಗೆ. ಮೊಮ್ಮಗಳು ಗೋದಾಳದೇ ಕೆಲಸವೆಂದು ಅತ್ತೆ ಆ ಮಗುವನ್ನು, ಊರಿಗೆ ಕರೆಂಟು ಬಂದರೂ ದೀಪ ಕಾಣದ ಉಗ್ರಾಣದಲ್ಲಿ ಕೂಡಿಹಾಕುತ್ತಿದ್ದರು. ಹಿಂದೆ ಮಡಿ ಮುಟ್ಟಿದ್ದಕ್ಕೆ ಅಲ್ಲೇ ಕೂಡಿಹಾಕಿದ್ದ ತಮ್ಮ ಪುಟ್ಟ ಮಗಳು ಕೋಮಲ ಸತ್ತಾಗ, ಜ್ವರ ಎಂದಿದ್ದರು.

ಇವತ್ತು ಬೆಳಗಿನಿಂದ ಗೋದಾ ನನ್ನ ಮಗ್ಗುಲು ಬಿಟ್ಟಿರಲಿಲ್ಲ. ಗುರುತು ಮಾತ್ರ ಮತ್ತೆ ಮೂಡಿತ್ತು.

"ಬಾರೇ ಪೀಡೆ, ಆ ಕೈ ಮುರೀತೀನಿ," ಎಂದು ಅತ್ತೆ ಅವಳ ರಟ್ಟೆ ಹಿಡಿದರು.

ಬೀಗ ಹಾಕಿದ್ದ ಉಗ್ರಾಣದ ಬಾಗಿಲನ್ನು ಒಳಗಿನಿಂದ ಯಾರೋ ಮೆಲ್ಲಗೆ ತಟ್ಟಿದರು. ನಾನು ಅತ್ತೆಯ ಕೈ ಹಿಡಿದೆ.

"ಬಿಡಿ ಅವಳನ್ನ. ಕೋಮಲ ಜ್ವರದಿಂದ ಸಾಯಲಿಲ್ಲ ಅತ್ತೆ, ನೀವು ಬಾಗಿಲು ತೆಗೀಲಿಲ್ಲ."