ಸೆರಗಿನೊಳಗಿನ ಕೈ

"ಬೂಟು! ಮೊದ್ಲು ಬೂಟು ಬಿಚ್ರೀ!"

ಶೋಭಾರಾಣಿ ಕಿರುಚಿದ ರಭಸಕ್ಕೆ ಬಾಗಿಲಿಗೆ ಬಂದವನು ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತುಬಿಟ್ಟ. ಫ್ಯಾಕ್ಟರಿಯ ದಪ್ಪ ಬೂಟು, ಅದರ ತುಂಬ ಗ್ರೀಸು. ಡ್ಯಾನ್ಸ್ ಸ್ಟುಡಿಯೋದ ನೆಲವನ್ನು ಅವಳು ಆಗಷ್ಟೇ ಮೊಣಕಾಲೂರಿ ಒರೆಸಿದ್ದಳು.

"ಇಲ್ಲಿ ನಾವು ಉರುಳಾಡ್ತೀವಿ, ಮುಖ ಇಟ್ಟು ಮಲಗ್ತೀವಿ. ಅಷ್ಟೂ ಗೊತ್ತಾಗಲ್ವಾ?"

"ಗೊತ್ತೈತ್ರಿ. ಬಿಚ್ಚೂದ್ರಾಗ ನೀವ ಒದರಿದ್ರಿ. ಡ್ಯಾನ್ಸರ್ ಬೇಕಂತ ಬೋರ್ಡಿಗೆ ಹಚ್ಚಿದ್ರಲ್ಲ, ಅದಕ್ಕ ಬಂದೀನಿ. ನಾ ಬಸಲಿಂಗ. ಫಸ್ಟ್ ಇಯರ್."

ಅಯ್ಯೋ ದೇವರೇ... ಇವನು ನಮ್ಮ ಕಾಲೇಜಿನವನೇ!

ಹಾಗೆ ಜಗಳದಿಂದ ಶುರುವಾಯಿತು ನೋಡಿ ಇವರ ಕಥೆ. ಶೋಭಾರಾಣಿ ನಾಗಸಂದ್ರದ ಹುಡುಗಿ. ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಎಬ್ಬಿಸಿದ ರಾಮಾಂಜಿನಪ್ಪನವರ ಒಬ್ಬಳೇ ಮಗಳು. ಆಧುನಿಕ ನೃತ್ಯ ಸಂಯೋಜನೆಯಲ್ಲಿ ಎಂ.ಎ. ಕೊನೆಯ ವರ್ಷ. "ಕುಣಿಯಾಕೂ ಒಂದು ಎಂ.ಎ. ಅಂತೆ!" ಎಂದು ಅಪ್ಪ ಸಿಕ್ಕಿದವರ ಮುಂದೆಲ್ಲ ನಗುತ್ತಿದ್ದರು. ಆ ನಗುವಿಗೆ ಉತ್ತರವಾಗಿ ಅವಳ ಹತ್ತಿರ ಇದ್ದದ್ದು ಒಂದೇ, ಕೊನೆಯ ಪರೀಕ್ಷೆಗೆ ಅವಳು ಕಟ್ಟುತ್ತಿದ್ದ ನೃತ್ಯ. ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವ ಮೈಗಳ ಬಗ್ಗೆ.

ಬಸಲಿಂಗ ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಪೀಣ್ಯದಲ್ಲಿ ಪಾಳಿ. ಎರಡರ ನಡುವೆ ಸಿಕ್ಕ ಒಂದು ಗಂಟೆ ಇವಳ ರಿಹರ್ಸಲ್‌ಗೆ. ಅವನ ಬೈಕಿನ ಸದ್ದಿಗೆ ಅವಳ ಕಿವಿ ಯಾವಾಗ ಕಾಯತೊಡಗಿತೋ ಅವಳಿಗೇ ಗೊತ್ತಿಲ್ಲ. ಅವನು ತಡವಾಗಿ ಬಂದರೆ ಸಿಡುಕುತ್ತಿದ್ದಳು. ಬೇಗ ಬಂದರೂ ಸಿಡುಕುತ್ತಿದ್ದಳು!

ಇವರ ಕೆಲಸದ ರೀತಿ ಹೇಳಿಬಿಡುತ್ತೇನೆ. ಸಂಯೋಜಕಿ ಹೆಜ್ಜೆ ಹೇಳಿಕೊಡುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾಳೆ, ಡ್ಯಾನ್ಸರ್ ಮೈಯಿಂದ ಉತ್ತರ ಕೊಡುತ್ತಾನೆ. ಬೇಕಾದ್ದನ್ನು ಅವಳು ಆರಿಸಿ, ಉಳಿದವರಿಗೂ ಕಲಿಸಿ, ನೃತ್ಯಕ್ಕೆ ಹೊಲಿಯುತ್ತಾಳೆ. ಅದನ್ನು ಯಾರೂ ಕಳ್ಳತನ ಅನ್ನುವುದಿಲ್ಲ.

ಒಂದು ದಿನ ಬೇರೆ ಯಾರೂ ಬಂದಿರಲಿಲ್ಲ.

"ನಿಮ್ಮನೇಲಿ ದಿನಾ ನೋಡೋದು ಏನಾದ್ರೂ ತೋರ್ಸಿ. ಮಾತು ಬೇಡ," ಅಂದಳು.

ಅವನು ಕೋಣೆಯ ನಡುವಿಗೆ ಬಂದು ನಿಂತ. ಆಮೇಲೆ ಅವನ ಬಲಗೈ ಮೆಲ್ಲಗೆ ಹೊಟ್ಟೆಯ ಮೇಲೆ ಸರಿದು, ಇಲ್ಲದ ಸೆರಗೊಂದನ್ನು ಹುಡುಕಿ, ಅದರೊಳಗೆ ಅಡಗಿತು. ಒಂದು ಭುಜ ತುಸು ಇಳಿಯಿತು. ಎದುರಿಗೆ ಯಾರೋ ನೆಂಟರು ಬಂದಂತೆ ಮುಖ ನಕ್ಕಿತು.

ಶೋಭಾ ಒಂದು ಹೆಜ್ಜೆ ಹತ್ತಿರ ಬಂದಳು. "ಯಾರಿದು ಬಸು?"

"ನಮ್ಮವ್ವ. ಪ್ರೆಸ್ ಮಷಿನ್‌ನ್ಯಾಗ ಮೂರು ಬೆರಳು ಹೋದ್ವು. ಯಾರರ ಬಂದ್ರ ಸಾಕು, ಕೈ ಸೆರಗಿನೊಳಗ ಹೋಗ್ತೈತಿ." ಅವನು ನೆಲ ನೋಡಿದ. "ಇದನ್ನ ಯಾರ ಮುಂದೂ ಹೇಳಿಲ್ರಿ."

ಅವಳು ಅವತ್ತು ಅತ್ತಳು. ನಿಜವಾಗಿಯೂ ಅತ್ತಳು. ಆದರೆ ಅಳುತ್ತಲೇ ಆ ಕೈ ಸರಿದ ರೀತಿಯನ್ನು ಮನಸ್ಸಿನಲ್ಲಿ ಬರೆದುಕೊಂಡಳು ನೋಡಿ, ಎಡವಿದ್ದು ಅಲ್ಲೇ.

ಮುಂದಿನ ವಾರ ಫ್ಯಾಕ್ಟರಿಯಲ್ಲಿ ಓವರ್‌ಟೈಮ್, ಬಸಲಿಂಗ ಬರಲಿಲ್ಲ. ಗೈಡ್ ಮೇಡಂ ಬಂದು ನೋಡಿ ತಲೆಯಾಡಿಸಿದರು. "ಇದಕ್ಕೆ ಜೀವಾನೇ ಇಲ್ವಲ್ಲ ಶೋಭಾ. ಪರೀಕ್ಷೆ ಹತ್ರ ಬಂತು."

ಮಾರನೇ ದಿನ ಅವಳು ಆ ಕೈಯನ್ನು ಉಳಿದ ಆರು ಡ್ಯಾನ್ಸರ್‌ಗಳಿಗೆ ಕಲಿಸಿದಳು. ಸಾಲಾಗಿ ನಿಂತ ಆರೂ ಜನ ಒಟ್ಟಿಗೆ ಕೈ ಅಡಗಿಸಿ ನಕ್ಕಾಗ ಮೇಡಂ ಕಣ್ಣಲ್ಲಿ ನೀರು!

"ಇದೇ ಕಣೇ ನಿನ್ನ ಪೀಸು! ಇದೇ!"

ಬಸುಗೆ ಹೇಳಬೇಕು... ಬೇಡ, ಬಂದಾಗ ನೋಡಲಿ, ಖುಷಿಪಡ್ತಾನೆ. ಸರ್‌ಪ್ರೈಸ್!

ಸರ್‌ಪ್ರೈಸ್ ಅಂತೆ! ಹುಚ್ಚು ಹುಡುಗಿ. ಅವನೂ ಒಂದು ಸರ್‌ಪ್ರೈಸ್ ತಂದಿದ್ದ. ಪೂರ್ತಿ ರಿಹರ್ಸಲ್‌ನ ದಿನ, ಇಸ್ತ್ರಿ ಮಾಡಿದ ಸೀರೆ ಉಟ್ಟ ತಾಯಿ ರುಕ್ಮವ್ವನನ್ನು ಕೈಹಿಡಿದು ಕರೆತಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. ತನ್ನ ಸರದಿ ಬರುವವರೆಗೆ ತಾನೂ ಪಕ್ಕದಲ್ಲೇ ಕೂತ.

ಶೋಭಾ ಅವರನ್ನು ನೋಡುವಷ್ಟರಲ್ಲಿ ಸಂಗೀತ ಶುರುವಾಗಿತ್ತು. ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಆರು ಕೈಗಳು ಸರಿದವು. ಆರು ಭುಜಗಳು ಇಳಿದವು. ಆರು ಮುಖಗಳು ನಕ್ಕವು.

ರುಕ್ಮವ್ವ ಅದನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ ತನ್ನ ಮಡಿಲು ನೋಡಿಕೊಂಡಳು. ಅವಳ ಕೈ ಅಲ್ಲಿ, ಹಾಗೆಯೇ, ಸೆರಗಿನೊಳಗಿತ್ತು. ಎದ್ದು ಹೊರಗೆ ಹೋದಳು.

"ಬಸು, ಒಂದ್ನಿಮಿಷ ಕೇಳು—"

"ಭಾಳ ಚಂದ ಐತ್ರಿ." ಅವನ ದನಿ ಏರಿರಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು. "ನಮ್ಮವ್ವ ಯಾರಿಗೂ ಕಾಣಬಾರದಂತ ಮುಚ್ಚಿಟ್ಟಿದ್ದನ್ನ ಲೈಟ್ ಹಾಕಿ ತೋರ್ಸಿದ್ರಿ. ನನ್ನ ಜಾಗಕ್ಕ ಬ್ಯಾರೆಯವ್ರನ್ನ ನೋಡ್ಕೋರಿ."

ಆಮೇಲೆ ಅವನ ಫೋನ್ ರಿಂಗಾಯಿತೇ ಹೊರತು ಅವನು ಎತ್ತಲಿಲ್ಲ. ಶೋಭಾಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ತಲೆ ತಗ್ಗಿಸಿದ ಆ ತಾಯಿ.

"ಡ್ಯಾನ್ಸರ್ ಕೊಟ್ಟಿದ್ದು ಪೀಸಿಗೆ ಸೇರಿದ್ದು," ಅಂದರು ಮೇಡಂ. "ಅದನ್ನ ತೆಗೆದ್ರೆ ಪಾಸಾಗೋದೇ ಕಷ್ಟ. ಯೋಚನೆ ಮಾಡು."

ನಾನೇನು ನೃತ್ಯ ಕಟ್ಟಿದೆನೋ, ಅವನ ನಂಬಿಕೆ ಮುರಿದೆನೋ?

ಮಧ್ಯಾಹ್ನ ಅವನು ಪಾಳಿಯಲ್ಲಿರುವ ಹೊತ್ತಿಗೆ ಅವಳು ಪೀಣ್ಯದಲ್ಲಿ ಅವರಿದ್ದ ವಠಾರ ಹುಡುಕಿಕೊಂಡು ಹೋದಳು. ಹೊಸ್ತಿಲಲ್ಲೇ ಅಳು ಉಕ್ಕಿ ಬಂತು.

"ಒಳಗ ಬಾ ಯವ್ವಾ. ಅಲ್ಲಿ ನಿಂತು ಅಳಬ್ಯಾಡ, ಓಣಿ ಮಂದಿ ಸೊಸಿ ಜಗಳಾಡಿ ಬಂದಾಳ ಅಂದಾರು!" ಅಂದಳು ರುಕ್ಮವ್ವ.

ಅಳುವಿನಲ್ಲೂ ಶೋಭಾಳ ಕಿವಿ ಬಿಸಿಯಾಯಿತು.

"ತಪ್ಪಾಯ್ತು ಅವ್ವಾ. ನಿಮ್ಮನ್ನ ಕೇಳ್ಬೇಕಿತ್ತು."

"ಹೌದು, ಕೇಳಬೇಕಿತ್ತು." ರುಕ್ಮವ್ವ ಎಡಗೈಯಲ್ಲಿ ಚಹಾ ಲೋಟ ಮುಂದಿಟ್ಟಳು. "ನಾ ಕೈ ಮುಚ್ಚತೀನಿ ಅಂತ ನನಗ ಗೊತ್ತೈತಿ. ಮುಚ್ಚೂದು ಮಂದಿಗೆ ಕಾಣ್ತೈತಿ ಅಂತ ಗೊತ್ತಿರಲಿಲ್ಲ. ಅದ ನೋಡು ಸಂಕಟ ಆತು."

"ತೆಗೆದ್ಬಿಡ್ತೀನಿ."

ಕಥೆಗಳಲ್ಲಿ ಹಿರಿಯರು ಇಂಥ ಹೊತ್ತಿನಲ್ಲಿ 'ಇರಲಿ ಬಿಡು ಮಗಳೇ' ಅನ್ನುತ್ತಾರೆ. ರುಕ್ಮವ್ವ ಅನ್ನಲಿಲ್ಲ.

"ತೆಗಿ," ಅಂದಳು. "ಚಾ ಆರ್ತೈತಿ, ಕುಡಿ."

"ಬಸು..."

"ಅವಂದು ಮೂಗಿನ ತುದ್ಯಾಗ ಸಿಟ್ಟು. ನಿಮ್ಮಿಬ್ಬರ ಜಗಳ ನೀವ ಬಗಿಹರಿಸ್ಕೋರಿ, ನನ್ನ ನಡುವ ಎಳೀಬ್ಯಾಡ್ರಿ."

ಪರೀಕ್ಷೆಯ ದಿನ ಆ ಭಾಗ ಬಂದಾಗ ಸಂಗೀತ ನಡೆಯುತ್ತಲೇ ಇತ್ತು, ಆರೂ ಜನ ಸುಮ್ಮನೆ ನಿಂತಿದ್ದರು. ಅದರ ಬದಲಿಗೆ ಏನನ್ನೂ ತುಂಬಲು ಶೋಭಾಗೆ ಮನಸ್ಸು ಬಂದಿರಲಿಲ್ಲ. ಬಸಲಿಂಗನ ಜಾಗಕ್ಕೂ ಅವಳು ಯಾರನ್ನೂ ಹಾಕಿರಲಿಲ್ಲ. ಅಪ್ಪ ಹಿಂದಿನ ಸಾಲಲ್ಲಿ ಕೂತು ಆಕಳಿಸಿದರು.

"ನಡುವೆ ಏನೋ ಬಿಟ್ಟುಹೋಗಿದೆಯಲ್ಲಮ್ಮ?" ಎಂದರು ಹೊರಗಿನಿಂದ ಬಂದ ಪರೀಕ್ಷಕರು.

"ಹೌದು ಸರ್. ಅದು ನಂದಲ್ಲ, ಅದಕ್ಕೇ ತೆಗೆದೆ."

ಅವರು ತಲೆ ಎತ್ತಿ ಅವಳನ್ನೊಮ್ಮೆ ನೋಡಿ, ಏನೋ ಬರೆದುಕೊಂಡರು. ಪಾಸಾದಳು, ಅಷ್ಟೇ.

ಅವತ್ತು ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಮೆಟ್ಟಿಲ ಬಳಿ ಬಸಲಿಂಗ!

"ಬಾಗಲದಾಗ ನಿಂತು ನೋಡಿದೆ," ಅಂದ. "ತೆಗದ್ರಿ."

"ಹೂಂ."

"ಮಾರ್ಕ್ಸ್ ಹೋದ್ವು."

"ಹೋಗ್ಲಿ ಬಿಡು."

ಬಸಲಿಂಗ ತುಮಕೂರು ರಸ್ತೆಯ ಲಾರಿಗಳ ಕಡೆ ಮುಖ ತಿರುಗಿಸಿದ.

"ಮನ್ಯಾಗಿಂದ ಏನರ ತೋರಸ್ರಿ ಅಂದ್ರಿ ಅವತ್ತ. ರೊಟ್ಟಿ ಬಡಿಯೂದಿತ್ತು, ನೀರು ಹೊರೂದಿತ್ತು. ಅದೆಲ್ಲ ಬಿಟ್ಟು ನಾ ಅದನ್ನ ಯಾಕ ತೋರಿಸಿದೆ, ವಿಚಾರ ಮಾಡೀರಿ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ತುಂಬಿತ್ತು.

"ನಿಮ್ಮನ್ನ ಪ್ರೀತಿಸ್ತೀನಿ ಅನ್ನಾಕ ಬಾಯಿ ಬರಲಿಲ್ರಿ. ನನ್ನ ಹತ್ರ ಇದ್ದದ್ರಾಗ ಯಾರಿಗೂ ಕೊಡದ್ದು ಅದೊಂದ. ಅದಕ್ಕ ಅದನ್ನ ಕೊಟ್ಟೆ." ಅವನು ತಿರುಗಿ ಅವಳನ್ನೇ ನೋಡಿದ. "ನೀವು ಅದನ್ನ ಆರು ಮಂದಿಗೆ ಕಲಿಸಿಬಿಟ್ರಿ."

ಶೋಭಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಯ್ಯೋ, ಅವನು ಅಂದೇ ಹೇಳಿಬಿಟ್ಟಿದ್ದ! ಇಷ್ಟು ಓದಿ ಏನು ಬಂತು ನನಗೆ?

"ಗೊತ್ತಾಗ್ಲಿಲ್ಲ ಬಸು... ಬಾಯಿಬಿಟ್ಟು ಹೇಳ್ಬಾರ್ದಿತ್ತೇನೋ ಮಾರಾಯ? ನಾನೂ ಅದಕ್ಕೇ ಕಾಯ್ತಾ ಇದ್ದೆ ಕಣೋ!"

"ಈಗ ಹೇಳಿದ್ನಲ್ಲ."

"ಇನ್ನೊಂದ್ಸಲ ಹೇಳು."

"ಯಾರಿಗೂ ಕಲಸಂಗಿಲ್ಲ ಅಂತ ಮಾತು ಕೊಡ್ರಿ ಮೊದಲ."

"ಕೊಟ್ಟೆ."

ಅವನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದ. ಏನು ಹೇಳಿದ ಅಂತ ನನ್ನನ್ನು ಕೇಳಬೇಡಿ, ಅದು ಅವಳೊಬ್ಬಳಿಗೆ ಕೊಟ್ಟದ್ದು.