ತಲ್ಲೂರಿಗೆ ಬಂದ ಬಸ್ಸಿನ ಮನೆ

ಹೆದ್ದಾರಿ ಪಕ್ಕದ ತನ್ನ ರಿಪೇರಿ ಶೆಡ್ಡಿನ ಮುಂದೆ ಬಂದು ನಿಂತ ಬಸ್ಸನ್ನು ರಾಜೀವ ಕಣ್ಣರಳಿಸಿ ನೋಡಿದ. ಕಿಟಕಿಗೆಲ್ಲ ಹೂವಿನ ಪರದೆ. ಹಿಂದಿನ ಏಣಿಗೆ ಒಣಹಾಕಿದ ಸೀರೆ. ಒಳಗಿನಿಂದ ಸಾರಿನ ಒಗ್ಗರಣೆಯ ಪರಿಮಳ.

ಸ್ಟೇರಿಂಗ್ ಹಿಂದೆ ಒಬ್ಬ ಹುಡುಗಿ ಕೂತಿದ್ದಳು.

"ಡ್ರೈವರ್ ಎಲ್ಲಿಗ್ ಹೋದ್ರ್?" ಎಂದು ಕೇಳಿದ.

"ಎದ್ರಿಗೇ ಇದ್ರ್. ಕಾಂತಿಲ್ಯಾ?"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಕೆಳಗಿಳಿದಳು. ರಾಜೀವ ಕೈಯಲ್ಲಿದ್ದ ಸ್ಪ್ಯಾನರನ್ನೇ ಒರೆಸತೊಡಗಿದ. ಅವನ ಪರದಾಟ ಕಂಡು ಅವಳ ತುಟಿಯಂಚಿನಲ್ಲಿ ನಗು ಇಣುಕಿತು.

ಹೆಸರು ಉಮಾವತಿ. ಅವಳ ಅಪ್ಪ ಚಂದಯ್ಯ ಹತ್ತಿರದ ಬಿಜೂರಿನವರು, ಹಾರ್ಮೋನಿಯಂ ರಿಪೇರಿಯಲ್ಲಿ ಹೆಸರಾದವರು. ಬೊಂಬಾಯಿಯಲ್ಲಿದ್ದಾಗ ಈ ಹಳೇ ಬಸ್ಸು ಕೊಂಡು, ಸೀಟು ಕಿತ್ತು, ಮಂಚ ಒಲೆಗಳನ್ನು ಕೂರಿಸಿ ಮನೆ ಮಾಡಿಕೊಂಡಿದ್ದರು. ಶಾಲೆ, ಭಜನಾ ಮಂದಿರ, ನಾಟಕದವರ ಬಿಡಾರ ಎಂದು ಊರೂರು ಸುತ್ತುವುದೇ ಬದುಕು. ಅಪ್ಪನ ಕಣ್ಣು ಮಂಜಾದ ಮೇಲೆ ಮಗಳು ಸ್ಟೇರಿಂಗ್ ಹಿಡಿದಳು. ಅದು ೧೯೬೭ರ ದೀಪಾವಳಿಯ ಹೊತ್ತು.

"ವರ್ಷದ ಸರ್ವೀಸ್ ಮಾಡಿ ಕೊಡಿ," ಎಂದರು ಚಂದಯ್ಯ. "ಮತ್ತೆ ಒಂದ್ ಮಾತ್ ಖರೆ ಹೇಳ್ಕ್. ಇದ್ ಇನ್ನೂ ಓಡತ್ತಾ? ಇಲ್ದಿರೆ ಬಿಜೂರಗೆ ನಿಲ್ಸಿ ಬಿಡ್ತೆ. ಮಗ್ಳಿಗೂ ಒಂದ್ ಮನೆ ಅಂದೇಳಿ ಆಯ್ಕ್."

ಉಮಾವತಿ ಮುಖ ತಿರುಗಿಸಿ ರಸ್ತೆಯನ್ನೇ ನೋಡುತ್ತ ನಿಂತಳು.

ರಾಜೀವ ಬಸ್ಸಿನಡಿಗೆ ನುಸುಳಿ ಎಂಜಿನ್ ಆಯಿಲ್ ಇಳಿಸಿದ. ಸ್ಪ್ರಿಂಗ್ ಪಟ್ಟಿಗಳಿಗೆ ಗ್ರೀಸ್ ಹೊಡೆದ. ರೇಡಿಯೇಟರಿನ ಕೆಸರು ತೊಳೆದು, ಸವೆದ ಫ್ಯಾನ್ ಬೆಲ್ಟ್ ಬದಲಿಸಿ, ಹೊಸ ಆಯಿಲ್ ತುಂಬಿದ. ಮೈಲಿ ಮೀಟರು ಕೊನೆ ಮುಟ್ಟಿ, ಮತ್ತೆ ಸೊನ್ನೆಯಿಂದ ಹೊರಟು ಬಹಳ ದೂರ ಬಂದಿತ್ತು. ಒಂದು ಸುತ್ತೆಂದರೆ ಲಕ್ಷ ಮೈಲಿ. ಭೂಮಿಗೇ ನಾಲ್ಕು ಪ್ರದಕ್ಷಿಣೆ. ಅವನಾದರೋ ಮಂಗಳೂರು ದಾಟಿದವನಲ್ಲ. ಆ ಹಳೇ ಕಬ್ಬಿಣಕ್ಕೆ ಅಂಗೈಯೊತ್ತಿ ಹಿಡಿದ.

"ಎಂತ, ಜ್ವರ ಕಾಂತ್ರ್ಯಾ?" ಬಾನೆಟ್ಟಿನಾಚೆಯಿಂದ ಉಮಾವತಿಯ ದನಿ.

"ಜ್ವರ ಇಲ್ಲೆ. ಗಟ್ಟಿ ಜೀವ."

"ಶ್ರುತಿ ಮಾತ್ರ ಇಳ್ದಿತ್ತ್. ಮೊದ್ಲ್ ಹಾರ್ಮೋನಿಯಂನ ಕಪ್ಪು ಮೂರಕ್ಕೆ ಹಾಡ್ತಿತ್ತ್." ಎಂಜಿನ್ ಚಾಲೂ ಮಾಡಿ ಬಂದು, ಕಣ್ಣು ಮುಚ್ಚಿ ಕಿವಿಗೊಟ್ಟಳು. "ನಡುವೆ ಒಂದ್ ಟಿಕ್ ಟಿಕ್ ಕೇಂತಾ?"

ಅವನೂ ಬಗ್ಗಿದ. ಅವಳ ಮುಡಿಯ ಅಬ್ಬಲಿಗೆ ಕೆನ್ನೆಯ ಹತ್ತಿರವೇ ಇತ್ತು. ಟಿಕ್ ಟಿಕ್ ಎಂಜಿನ್ನಿನದೋ ತನ್ನೆದೆಯದೋ ಎಂದು ಗಳಿಗೆ ಹೊತ್ತು ತಿಳಿಯಲಿಲ್ಲ. ವಾಲ್ವನ್ನು ತಟ್ಟುವ ಟ್ಯಾಪೆಟ್ ಸಡಿಲಾಗಿತ್ತು. ಅವನು ಬಿಗಿಮಾಡುತ್ತ ಹೋದ, ಅವಳು "ಇನ್ನೊಂಚೂರ್... ಸಾಕ್" ಎನ್ನುತ್ತ ಹೋದಳು. ಎಂಜಿನ್ ನಿಜಕ್ಕೂ ಹಾಡಿತು. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ದೃಷ್ಟಿ ಬೇರೆ ಕಡೆ ತಿರುಗಿಸುವುದು ಇಬ್ಬರಿಗೂ ಮರೆತುಹೋಯಿತು.

ಮರುದಿನ ಚಂದಯ್ಯ ಬೆಂಚಿನ ಮೇಲೆ ಕೂತು ಕೇಳಿದರು: "ಎಂತ ಹೇಳ್ತ್ರಿ ಹಾಂಗಾರೆ?"

ರಾಜೀವ ಬಾನೆಟ್ ಮುಚ್ಚಿದ. ಎಂಜಿನ್ನಿನ ಕತೆ ಮುಗಿಯಿತು ಎಂದರೆ ಸಾಕು. ಬಸ್ಸು ಬಿಜೂರಿನಲ್ಲಿ ನಿಲ್ಲುತ್ತದೆ, ಉಮಾವತಿ ಹತ್ತಿರದಲ್ಲೇ ಉಳಿಯುತ್ತಾಳೆ. ಓಡುತ್ತದೆ ಎಂದರೆ ನಾಳೆಯೇ ಹೊರಡುತ್ತಾಳೆ. ಬಾಗಿಲ ಮೆಟ್ಟಿಲಲ್ಲಿ ಕೂತಿದ್ದ ಅವಳು ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ಓಡತ್ತ್," ಎಂದ. "ವರ್ಷಕ್ಕೊಂದ್ ಸಲ ಹೀಂಗೆ ಕಂಡ್ಕಂಡ್ರೆ ಇನ್ನೂ ಸುಮಾರ್ ವರ್ಷ ಓಡತ್ತ್. ನಿಲ್ಸ್ಬೇಡಿ."

ಹೇಳಿದವನೇ ಕೈ ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋದ. ಹಿಂದೆಯೇ ಹೆಜ್ಜೆ ಸಪ್ಪಳ.

"ಬನಿ, ಬ್ರೇಕ್ ಸರಿ ಆಯ್ತಾ ಅಂದೇಳಿ ಓಡ್ಸಿ ಕಾಂಬ," ಎಂದಳು ಉಮಾವತಿ. ಅವಳ ಕಣ್ಣು ಒದ್ದೆಯಾಗಿತ್ತು.

ಚಂದಯ್ಯ ಹಿಂದಿನ ಮಂಚದಲ್ಲಿ ಒರಗಿದರು. ರಾಜೀವ ಅವಳ ಪಕ್ಕದಲ್ಲಿ ಕೂತ. ಬಸ್ಸು ಮರವಂತೆಗೆ ಬಂದಾಗ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ರಸ್ತೆ ಮಾತ್ರ. ಎಷ್ಟೋ ಸಲ ಓಡಾಡಿದ ದಾರಿ. ಇಂದು ಎತ್ತರದ ಗಾಜಿನಾಚೆ ನೀರೆಲ್ಲ ಬಂಗಾರವಾಗಿ, ಬಸ್ಸು ಬೆಳಕಿನ ಮೇಲೇ ತೇಲುತ್ತಿರುವಂತೆ ಕಂಡಿತು. ಅವಳ ಬಳೆಗೈ ಅಷ್ಟು ದೊಡ್ಡ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿತ್ತು. ಅವನಿಗೆ ಕೈ ಮುಗಿಯಬೇಕೆನಿಸಿತು, ಕಡಲಿಗೋ, ಅವಳಿಗೋ.

"ಸುಳ್ಳ್ ಹೇಳಿರೆ ನಾನ್ ಇಲ್ಲೇ ಇರ್ತಿದ್ದೆ," ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ.

"ಹೌದ್. ಆದ್ರೆ ನೀವ್ ಹೀಂಗೆ ಇರ್ತಿರ್ಲಿಲ್ಲ."

ಉಮಾವತಿ ಬಸ್ಸು ನಿಲ್ಲಿಸಿದಳು. ಅಲೆಗಳ ಸದ್ದು ಒಳಗೆ ತುಂಬಿತು.

"ನಮ್ಮೊಟ್ಟಿಗೆ ಬತ್ರಿಯಾ?"

ಅವನು ಅವಳತ್ತ ತಿರುಗಿದ. "ಬಪ್ಕೆ ಆಸೆ ಇತ್ತ್. ಮನ್ಯಗೆ ಅಮ್ಮ ಒಬ್ರೇ."

"ಮಳೆಗಾಲ್ದಗೆ ನಾವೂ ತಿರ್ಗುದಿಲ್ಲ. ಆಗ ನಿಮ್ಮನೆ. ಮಳೆ ಬಿಟ್ಟ್ರೆ ಈ ಮನೆ." ಮಾತು ಮೆತ್ತಗಾಯಿತು. "ನಿಮ್ಗೆ ಮನಸ್ಸಿದ್ರೆ."

"ನೀವ್ ಕೆಳಗಿಳ್ದ ಹೊತ್ತಿಗೇ ಮನಸ್ಸ್ ಹೋಯಿತ್ತ್," ಎಂದ.

ಹಿಂದಿನಿಂದ ಚಂದಯ್ಯ ಕೆಮ್ಮಿದರು. "ನಂಗೆ ಕಣ್ಣ್ ಮಾತ್ರ ಮಂಜ್. ಕಿವಿ ಸರಿ ಇತ್ತ್. ಮನಿಗ್ ಹೋಯಿ ಅಮ್ಮನ್ನ ಕೇಂಬ, ಹೊರಡ್."

ಸಂಜೆ, ವಿಷಯ ಕೇಳಿದ ರಾಜೀವನ ತಾಯಿ ಜಲಜಮ್ಮ ಬಸ್ಸು ಹತ್ತಿದರು. ಪರದೆ ಸರಿಸಿ ನೋಡಿದರು, ಒಲೆ ನೋಡಿದರು, ಮಂಚ ಒತ್ತಿ ನೋಡಿದರು. ಕೊನೆಗೆ ಕಿಟಕಿ ಪಕ್ಕ ಕಾಲು ಮಡಚಿ ಕೂತು, ಉಮಾವತಿಯ ಕೈ ಹಿಡಿದೆಳೆದು ಹತ್ತಿರ ಕೂರಿಸಿಕೊಂಡರು.

"ಮಗಾ," ಎಂದರು, "ಇದ್ರಗೆ ನಂಗೂ ಒಂದ್ ಮಂಚ ಹಿಡಿತ್ತಾ?"